ಎರಡಕ್ಷರದ ಮೊಮ್ಮಗಳು, ಆರಕ್ಷರದ ಅವ್ವ

ವಯಸ್ಸಾದಂತೆ ಮನುಷ್ಯನಿಗೆ ಎಲ್ಲವೂ ಚಿಕ್ಕದಾಗುತ್ತಾ ಹೋಗುತ್ತದೆ. ಹಸಿವು ಚಿಕ್ಕದಾಗುತ್ತದೆ, ನಿದ್ದೆ ಚಿಕ್ಕದಾಗುತ್ತದೆ, ಮನೆಯಲ್ಲಿ ನಮ್ಮ ಮಾತಿಗಿರುವ ಬೆಲೆಯಂತೂ ಕನ್ನಡಕ ಹಾಕಿಕೊಂಡು ಹುಡುಕಿದರೂ ಕಾಣಿಸುವುದಿಲ್ಲ. ಇಷ್ಟನ್ನೂ ನಾನು ಸಹಿಸಿಕೊಂಡಿದ್ದೇನೆ. ಸಹಿಸಲಾಗದೆ ಹೋದದ್ದು ಹೆಸರುಗಳು ಚಿಕ್ಕವಾದದ್ದು. ಅರಸೀಕೆರೆಯಲ್ಲಿ ಮೂವತ್ತೆಂಟು ವರ್ಷದಿಂದ ಪ್ರೆಸ್ಸು ಇಟ್ಟುಕೊಂಡು ಊರಿನವರ ಮದುವೆ, ನಾಮಕರಣ, ಗೃಹಪ್ರವೇಶ, ಶಿವಗಣಾರಾಧನೆಯ ಕಾರ್ಡುಗಳನ್ನು ಅಚ್ಚು ಹಾಕಿದವನು ನಾನು. ಮೊದಲು ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರ ಹೆಸರು ಕಾರ್ಡಿನ ಈ ಅಂಚಿನಿಂದ ಆ ಅಂಚಿಗೆ ಹೋಗಿ, ಜಾಗ ಸಾಲದೆ ಕೆಳಗಿನ ಸಾಲಿಗೆ ಇಳಿದು ಕೂರುತ್ತಿತ್ತು. ಈಗ ಅದೇ ಸಾಹುಕಾರರ ಮರಿಮಗನ ಹೆಸರು ಬರೆದರೆ ಕಾರ್ಡಿನಲ್ಲಿ ಉಳಿದ ಜಾಗಕ್ಕೆ ಬಲೂನು, ಕರಡಿಮರಿ, ನಕ್ಷತ್ರ ಎಲ್ಲ ತುಂಬಿಸಬೇಕು. ಹೆಸರು ಬರೆದಿದ್ದೀನೋ ಕೆಮ್ಮಿದ್ದೀನೋ ನನಗೇ ಅನುಮಾನ ಬರುತ್ತದೆ.

ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಇಂಥ ಹೆಸರು ಬಂದಿದ್ದರೆ ನಾನು ಹಬ್ಬ ಮಾಡುತ್ತಿದ್ದೆ, ನಿಜ. ಆಗ ಒಂದೊಂದು ಅಕ್ಷರವನ್ನೂ ಸೀಸದ ಅಚ್ಚುಮೊಳೆ ಹೆಕ್ಕಿ ಸಾಲಾಗಿ ನಿಲ್ಲಿಸಬೇಕಿತ್ತು. ನನ್ನ ಪ್ರೆಸ್ಸು ಬಡ ಪ್ರೆಸ್ಸು. ಲಗ್ನದ ತಿಂಗಳು ಬಂತೆಂದರೆ ಒತ್ತಕ್ಷರದ ಮೊಳೆಗಳು ಸಾಲುತ್ತಿರಲಿಲ್ಲ. ‘ಆಶೀರ್ವದಿಸಬೇಕಾಗಿ’ ಎಂದು ಬರೆದುಕೊಂಡು ಬಂದವರಿಗೆ ‘ಹರಸಬೇಕಾಗಿ’ ಎಂದು ಅಚ್ಚು ಹಾಕಿ, ಅದೇ ಅಚ್ಚಗನ್ನಡ ಎಂದು ಭಾಷಣ ಬಿಗಿದು ಕಳಿಸುತ್ತಿದ್ದೆ. ಆದರೂ ಒಂದು ಜಂಬ ನನಗಿತ್ತು, ಈಗಲೂ ಇದೆ. ನನ್ನ ಕಣ್ಣು ತಪ್ಪಿಸಿ ಒಂದು ತಪ್ಪಕ್ಷರ ಹೊರಗೆ ಹೋಗದು. ಹೋಟೆಲಿಗೆ ಹೋದರೆ ತಿಂಡಿಗಿಂತ ಮೊದಲು ಬೋರ್ಡಿನ ತಪ್ಪು ಹುಡುಕುವವನು ನಾನು. ಇದನ್ನು ಈಗಲೇ ಹೇಳಿಡುತ್ತೇನೆ, ಮುಂದೆ ನನ್ನ ಮುಖಕ್ಕೇ ಬಡಿಯುವ ಜಂಬ ಇದು.

ವಿಷಯಕ್ಕೆ ಬರುತ್ತೇನೆ. ನನ್ನ ಮಗ ಪ್ರಸನ್ನ ಹಳೇಬೀಡಿನ ಕಡೆ ದನದ ಡಾಕ್ಟರು. ಸೊಸೆ ಅನುಷಾಳ ತವರು ಬೇಲೂರು. ಹೆಣ್ಣುಮಗು ಹುಟ್ಟಿ ಬಾಣಂತನ ತವರಿನಲ್ಲೇ ನಡೆದಿತ್ತು. ಒಂದು ಭಾನುವಾರ ನಾನೂ ನನ್ನ ಹೆಂಡತಿ ಜ್ಯೋತಿಯೂ ಬಸ್ಸು ಹತ್ತಿ ಮೊಮ್ಮಗಳನ್ನು ನೋಡಲು ಹೋದೆವು. ಬೀಗರು ಒಳ್ಳೆಯವರು, ಕೂತ ತಕ್ಷಣ ತಟ್ಟೆ ತುಂಬ ಮೈಸೂರು ಪಾಕು ಇಟ್ಟರು. ಒಂದನ್ನು ಬಾಯಿಗಿಟ್ಟುಕೊಂಡಿದ್ದೆನೋ ಇಲ್ಲವೋ, ಮಗ ಹೇಳಿದ, “ಅಪ್ಪಾ, ಹೆಸರು ಫೈನಲ್ ಆಯ್ತು. ಇರಾ.”

“ಇರಾ ಅಂದ್ರೆ? ಮುಂದೆ?”

“ಮುಂದೆ ಏನಿಲ್ಲ. ಇರಾ, ಅಷ್ಟೆ.”

ನನ್ನ ಮುಖ ನೋಡಿ ಸೊಸೆಗೆ ಗಾಬರಿಯಾಗಿರಬೇಕು. “ಮಾವ, ತುಂಬಾ ಮೀನಿಂಗ್ ಇದೆ ಇದಕ್ಕೆ. ಎಷ್ಟೊಂದು ಭಾಷೆಲಿದೆ ಗೊತ್ತಾ?” ಎಂದು ಫೋನು ತೆಗೆದಳು. ಮಗ ಅದನ್ನು ಇಸಿದುಕೊಂಡು ಓದತೊಡಗಿದ. ಸಂಸ್ಕೃತದಲ್ಲಿ ಭೂಮಿಯಂತೆ, ನೀರಂತೆ, ಮಾತಂತೆ. ಹೀಬ್ರೂ ಭಾಷೆಯಲ್ಲಿ ಎಚ್ಚರವಾಗಿರುವವನಂತೆ. ‘ಎಚ್ಚರವಾಗಿರುವವಳು’ ಅಲ್ಲವೇನಪ್ಪಾ ಎಂದೆ. ಅಲ್ಲಿ ಅದು ಗಂಡಸರ ಹೆಸರು ಎಂದ, ಏನೂ ಆಗದವನಂತೆ. ರಷ್ಯಾದಲ್ಲಿ ಐರಿನಾ ಎನ್ನುವವರನ್ನು ಮುದ್ದಿಗೆ ಇರಾ ಎನ್ನುತ್ತಾರಂತೆ, ಅದರ ಮೂಲ ಗ್ರೀಕಿನದು, ಅರ್ಥ ಶಾಂತಿ. ಸ್ಪೇನಿನ ಮೂಲೆಯಲ್ಲಿ ಬಾಸ್ಕ್ ಎಂಬ ಭಾಷೆಯಿದೆಯಂತೆ, ಅದರಲ್ಲಿ ಜರೀಗಿಡ. ನ್ಯೂಜಿಲೆಂಡಿನ ಮಾವೋರಿಗಳಲ್ಲಿ ಮೈಮೇಲಿನ ಮಚ್ಚೆ. ಪಕ್ಕದ ತಮಿಳಿನಲ್ಲಿ ಇರುಳು. ಇಷ್ಟು ಓದಿ ಅವನು ಬೆರಳಿನಿಂದ ಸರಕ್ಕನೆ ಒಂದು ಸಾಲು ಹಾರಿಸಿದ. ನನ್ನ ಕಣ್ಣು ಬಿಡುತ್ತದೆಯೇ? ಫೋನು ಕಿತ್ತುಕೊಂಡು ನೋಡಿದೆ. ಲ್ಯಾಟಿನ್‌ನಲ್ಲಿ ಇರಾ ಎಂದರೆ ಸಿಟ್ಟು.

ಒಂದೇ ಮಗು ಭೂಮಿ, ನೀರು, ಗಂಡಸು, ಶಾಂತಿ, ಜರೀಗಿಡ, ಮಚ್ಚೆ, ಇರುಳು ಮತ್ತು ಸಿಟ್ಟು ಆಗಿ ಬೆರಳು ಚೀಪುತ್ತಾ ಮಲಗಿತ್ತು. ಇಷ್ಟು ದೇಶ ಸುತ್ತಿದ ಪದ ಅರಸೀಕೆರೆ ಜಂಕ್ಷನ್ನಿನಲ್ಲಿ ಮಾತ್ರ ಇಳಿದಿರಲಿಲ್ಲ. ಬೀಗರ ಮನೆಯಲ್ಲಿ ಕೂಗಾಡುವ ಹಾಗಿಲ್ಲ. ಸಿಟ್ಟಿನ ಜೊತೆ ಇನ್ನೂ ಎರಡು ಮೈಸೂರು ಪಾಕು ನುಂಗಿದೆ. ಆಮೇಲೆ ಆದಷ್ಟು ಮೆತ್ತಗೆ, “ಮಗೀಗೆ ನಮ್ಮವ್ವನ ಹೆಸರಿಡಬೇಕು ಅಂತ ನನ್ನಾಸೆ. ಮರುಳಸಿದ್ದಮ್ಮ” ಎಂದೆ. ಬೀಗಿತ್ತಿ ಎದ್ದು ಕಾಫಿಗೆಂದು ಒಳಗೆ ಹೋದರು. ಅನುಷಾ ಮಗುವಿನ ಮುಖ ನೋಡಿದಳು, ಅದಕ್ಕೆ ಆ ಆರಕ್ಷರ ಹೊರುವ ಶಕ್ತಿ ಇದೆಯೇ ಎನ್ನುವಂತೆ. ಜ್ಯೋತಿಯಾದರೂ ನನ್ನ ಪರ ಒಂದು ಮಾತಾಡುತ್ತಾಳೇನೋ ಎಂದು ತಿರುಗಿದೆ. ಅವಳು ಮಗುವಿನ ಕಾಲು ಸವರುತ್ತಾ, “ಯಾವ ಹೆಸರಿಟ್ಟರೂ ಅಭ್ಯಾಸ ಆಗತ್ತೆ ಬಿಡಿ” ಎಂದಳು. ಮೂವತ್ತನಾಲ್ಕು ವರ್ಷ ಸಂಸಾರ ಮಾಡಿದವಳ ನಿಷ್ಠೆ ಇಷ್ಟು.

ಅವ್ವನ ವಿಷಯ ಹೇಳದಿದ್ದರೆ ನನ್ನ ಹಟ ನಿಮಗೆ ಬರೀ ಮುದುಕನ ಹಟ ಅನ್ನಿಸುತ್ತದೆ. ಅವಳು ಹೋಗಿ ಎರಡು ವರ್ಷವಾಯಿತು. ಅಷ್ಟು ದಿನ ಬದುಕಿದವಳನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಅಪ್ಪನಿಗೆ ಅವಳು ‘ಏ ಇವಳೇ’. ನಮಗೆ ಅವ್ವ. ಬೀದಿಯವರಿಗೆ ಮೊದಲು ‘ಪ್ರೆಸ್ಸಿನವರ ತಾಯಿ’, ಆಮೇಲೆ ‘ಡಾಕ್ಟರ ಅಜ್ಜಿ’. ರೇಷನ್ ಕಾರ್ಡಿನಲ್ಲಿ ಮರುಳಸಿದ್ದಮ್ಮ ಎಂದಿತ್ತು, ಆದರೆ ಅಂಗಡಿಯವನೂ ಕಾರ್ಡಿನ ನಂಬರು ಕೂಗುತ್ತಿದ್ದನೇ ಹೊರತು ಹೆಸರನ್ನಲ್ಲ. ಅವಳ ತವರು ಹಳೇಬೀಡಿನ ಹತ್ತಿರದ ಹುಲಿಕೆರೆ. ಅಲ್ಲಿಗೆ ಹೋದಾಗ ಮಾತ್ರ ಮಾವಂದಿರು, ಚಿಕ್ಕಮ್ಮ ಅವಳನ್ನು ‘ಹೊನ್ನಿ’ ಎನ್ನುತ್ತಿದ್ದರು. ತವರಿನವರು ಮುದ್ದಿಗೆ ಪುಟ್ಟಿ, ಚಿನ್ನಿ ಎನ್ನುವುದಿಲ್ಲವೇ, ಹಾಗೆ ಎಂದುಕೊಂಡಿದ್ದೆ. ಅವ್ವ ತಿಂಗಳಿಗೊಮ್ಮೆ ಏನಾದರೂ ನೆಪ ಹೂಡಿ ಹುಲಿಕೆರೆಗೆ ಹೊರಡುತ್ತಿದ್ದಳು. ನನಗೆ ಆ ಬಸ್ಸಿನ ಧೂಳು, ಅಲ್ಲಿನ ಕೊಳದ ಕಲ್ಲುಮೆಟ್ಟಿಲ ಮೇಲೆ ಕೂತು ಅಕ್ಕತಂಗಿಯರು ಹೊತ್ತು ಮುಳುಗುವ ತನಕ ಆಡುವ ಮಾತು ಎರಡೂ ಬೇಜಾರು. ಬೆಲ್ಲ ಕೊಟ್ಟು ಎಳೆದುಕೊಂಡು ಹೋಗುತ್ತಿದ್ದಳು.

ನನ್ನ ಮೊದಲ ಮಗು ಹೆಣ್ಣಾದಾಗ ಅವ್ವ ಒಂದೇ ಒಂದು ಸಲ ಬಾಯಿಬಿಟ್ಟಿದ್ದಳು. “ಯಾರಾದ್ರೂ ಒಬ್ರಿಗೆ ನನ್ನೆಸ್ರು ಇಡ್ರಪ್ಪಾ” ಎಂದಿದ್ದಳು. ಆಗ ನಾನು ಹೊಸಗಾಲದ ಗಂಡಸು. ಶಾಲೆಯಲ್ಲಿ ಹಾಜರಿ ಕರೆಯುವಾಗ ಮಗು ಅಳುತ್ತದೆ ಎಂದು ನಗೆಯಾಡಿ ಶಿಲ್ಪ ಎಂದು ಇಟ್ಟೆ. ಹಳೇಬೀಡು ಬೇಲೂರಿನ ಸುತ್ತ ಆಗ ಎತ್ತ ಕಲ್ಲೆಸೆದರೂ ಒಬ್ಬಳು ಶಿಲ್ಪಳಿಗೋ ಶಾಂತಲೆಗೋ ಬೀಳುತ್ತಿತ್ತು. ಅವ್ವ, “ಚೆನ್ನಾಗೈತೆ ಬಿಡು” ಎಂದು ತೊಟ್ಟಿಲು ತೂಗಿದಳು. ಮತ್ತೆ ಯಾವತ್ತೂ ಆ ಮಾತು ಎತ್ತಲಿಲ್ಲ. ಅದು ನನಗೆ ಅವಳು ಸತ್ತ ಮೇಲೆ ಚುಚ್ಚತೊಡಗಿತು. ಬದುಕಿದ್ದವರ ಮಾತು ಸತ್ತ ಮೇಲೆ ಕೇಳಿಸುವುದು ನಮ್ಮ ಮನೆತನದ ಕಿವಿಯ ಗುಣ. ಈ ಸಲ ಬಿಡಬಾರದು ಎಂದು ತೀರ್ಮಾನಿಸಿದೆ.

ಒಂದು ತಿಂಗಳು ಯುದ್ಧ ನಡೆಯಿತು. ಫೋನಿನಲ್ಲಿ ಮಗನಿಗೆ ಬೈದೆ. ನಾಮಕರಣಕ್ಕೆ ಬರುವುದಿಲ್ಲ ಎಂದೆ. ರಾತ್ರಿ ಊಟ ಬಿಟ್ಟೆ, ಸಂಜೆಯೇ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದು ಬಂದಿರುತ್ತಿದ್ದೆ ಎನ್ನುವುದು ಬೇರೆ ಮಾತು. ಲ್ಯಾಟಿನ್ನಿನ ಅರ್ಥವನ್ನು ಇಟ್ಟುಕೊಂಡು ದಿನಕ್ಕೊಂದು ಕುಟುಕು ಕುಟುಕಿದೆ. “ಹೆತ್ತ ಮಗೂಗೆ ಸಿಟ್ಟು ಅಂತ ಹೆಸರಿಡ್ತೀರಲ್ಲೋ!” ಎಂದರೆ, “ನಿಮ್ಮ ಮೊಮ್ಮಗಳಲ್ವಾ ಅಪ್ಪಾ, ಸರಿಯಾಗೇ ಇದೆ” ಎಂದ. ಕೊನೆಗೆ ದಾರಿ ತೋರಿಸಿದವಳು ಸೊಸೆಯೇ. “ಮಾವ, ಸರ್ಟಿಫಿಕೇಟಿಗೆ ಇರಾ ಇರಲಿ. ತೊಟ್ಟಿಲಿಗೆ ಹಾಕುವಾಗ ಕಿವೀಲಿ ಮೊದಲು ಅಜ್ಜಿ ಹೆಸರು ಹೇಳಿಸೋಣ. ಮಗು ಕೇಳೋ ಮೊದಲ ಹೆಸರು ಅದೇ ಆಗಲಿ” ಎಂದಳು. ಒಳ್ಳೆಯ ಹುಡುಗಿ. ಗೆದ್ದೆ ಎಂದು ಆವತ್ತು ರಾತ್ರಿ ಮನೆಯಲ್ಲೂ ಉಂಡೆ.

ಕಿವಿಯಲ್ಲಿ ಹೆಸರು ಹೇಳಲು ಅವ್ವನ ಕಡೆಯವರೇ ಆಗಬೇಕು ಅನ್ನಿಸಿತು. ಉಳಿದಿರುವವಳು ಚಿಕ್ಕಮ್ಮ ಒಬ್ಬಳೇ, ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ಅವಳನ್ನು ಹುಲಿಕೆರೆಗೆ ಹತ್ತಿರದ ಮಾದಿಹಳ್ಳಿಗೆ ಕೊಟ್ಟಿದ್ದರು. ಬೆಳಿಗ್ಗೆ ಬಸ್ಸು ಹಿಡಿದು ಹಳೇಬೀಡಿನಲ್ಲಿ ಇಳಿದು ಬೇರೆ ಬಸ್ಸು ಹತ್ತಿ ಹೋದೆ. ಚಿಕ್ಕಮ್ಮ ಡೈರಿಗೆ ಹಾಲು ಹಾಕಿ ಬಂದು ಖಾಲಿ ಕ್ಯಾನು ತೊಳೆಯುತ್ತಿದ್ದಳು. ಎಂಬತ್ತಾದರೂ ಹಾಲಿನ ಅಳತೆಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡದ ಹೆಂಗಸು. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟಳು. ಮಗುವಿನ ಹೆಸರು ಇರಾ ಎಂದೆ. “ಇರಾ? ಏನ್ಲಾ ಅದು, ಇರಾದೋ ಹೋಗಾದೋ?” ಎಂದು ನಕ್ಕಳು. ನನಗೆ ಹಾಯೆನ್ನಿಸಿತು. ಆಗ ನನ್ನ ಗೆಲುವಿನ ಕಥೆಯನ್ನು ವಿವರವಾಗಿ ಹೇಳಿ, “ನೀನೇ ಬಂದು ಮಗೀನ ಕಿವೀಲಿ ಅವ್ವನ ಹೆಸರು ಹೇಳಬೇಕು ಚಿಕ್ಕಮ್ಮ. ಮರುಳಸಿದ್ದಮ್ಮ ಅಂತ ಮೂರು ಸಲ” ಎಂದೆ.

ಚಿಕ್ಕಮ್ಮ ಕ್ಯಾನು ಬೋರಲು ಹಾಕಿದಳು. “ಅದು ಯಾರೆಸ್ರುಲಾ?” ಎಂದಳು.

“ಅವ್ವಂದು!”

“ನಿಮ್ಮವ್ವನ ಎಸ್ರು ಹೊನ್ನಮ್ಮ ಕಣ್ಲಾ.”

ನಾನು ನಕ್ಕೆ. ವಯಸ್ಸಾಗಿದೆ, ಮರೆವು ಎಂದುಕೊಂಡು, “ಹೊನ್ನಮ್ಮ ನಮ್ಮಜ್ಜಿ ಹೆಸರು ಚಿಕ್ಕಮ್ಮ. ಅಪ್ಪನ ತಾಯಿ” ಎಂದೆ.

“ಊಂ. ಅದಕ್ಕೇಯ” ಎಂದಳು ಅವಳು. “ಅತ್ತೇನೂ ಹೊನ್ನಮ್ಮ, ಸೊಸೇನೂ ಹೊನ್ನಮ್ಮ. ಧಾರೆ ದಿನ ಹಸೆಮಣೆ ಮೇಲೆ ಕುಂತಾಗ ನಿಮ್ಮಜ್ಜಿ ತಗಾದೆ ತೆಗುದ್ಲು. ನನ್ನೆಸ್ರಿನ ಹೆಣ್ಣ ನಾನೆಂಗೆ ಬೈಯ್ಲಿ, ಬೈದ್ರೆ ನನ್ನೇ ಬೈಕಂಡಂಗಾಗಾಕಿಲ್ವಾ ಅಂತ. ನನ್ ಮಗ ಎಂಡ್ತೀನ ಅವ್ವನ್ ಎಸ್ರಲ್ಲಿ ಕರೀತಾನಾ ಅಂತ. ತಟ್ಟೇಲಿ ಅಕ್ಕಿ ಹರ್ಡಿ ಅದ್ರ ಮ್ಯಾಲೆ ಐನೋರ ಕೈಲಿ ಬ್ಯಾರೆ ಎಸ್ರು ಬರ್ಸುದ್ರು. ಅವ್ರ ಮನೆದೇವ್ರ ಎಸ್ರು. ಹೊನ್ನಕ್ಕ ಅವತ್ತು ಅತ್ತಿದ್ದು ತೌರು ಬಿಟ್ಟೋಯ್ತೀನಿ ಅಂತ ಅಂದ್ಕಂಡ್ರು ಎಲ್ಲಾವ. ಅವ್ಳು ಅತ್ತಿದ್ದು ಅಕ್ಕಿ ಮ್ಯಾಗಿನ ಆ ಎಸ್ರ ನೋಡಿ.”

ಮಜ್ಜಿಗೆ ಲೋಟ ನನ್ನ ಕೈಯಲ್ಲೇ ಇತ್ತು. ಚಿಕ್ಕಮ್ಮ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಮುಂದುವರಿಸಿದಳು. “ತಿಂಗ್ಳಿಗೊಂದ್ಸಲ ಹುಲಿಕೆರೆಗೆ ಬರೋಳಲ್ಲ, ಯಾತಕ್ಕೆ ಅಂದ್ಕಂಡಿದ್ದೆ? ನಮ್ಮನೇಲೇನು ಹೋಳ್ಗೆ ಬೇಯಿಸ್ತಿದ್ವಾ? ಬಂದು ಕೊಳದ ಮೆಟ್ಲು ಮ್ಯಾಲೆ ಕುಂತ್ಕಂಡು, ಒಂದೀಟು ಎಸ್ರಿಡಿದು ಕರಿಯೇ ತಾಯಿ, ಮರ್ತೋಯ್ತದೆ ಅನ್ನೋಳು. ಕರ್ಸ್ಕಂಡು ಹೋಗೋಳು.” ವಾದ ಬಿಡದ ಜಾತಿ ನನ್ನದು. ಹಾಗಾದರೆ ಅವ್ವ ತೀರಿಕೊಂಡಾಗ ಶಿವಗಣಾರಾಧನೆಯ ಕಾರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಮರುಳಸಿದ್ದಮ್ಮ ಎಂದು ಹಾಕಿದ್ದೆನಲ್ಲ, ಆಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನಂಗೆ ಓದಾಕೆ ಬರ್ತದಾ? ಮೊಮ್ಮಗ ಓದ್ದ. ಒಂದಿನ ಅಕ್ಕಿ ಮ್ಯಾಲೆ ಬರ್ದಿದ್ದ ಎಸ್ರು ನಂಗೆಲ್ಲಿ ಗ್ಯಾಪ್ಕ ಇರ್ತದೆ? ನಿಮ್ ಪೈಕಿ ಇನ್ನೊಂದು ಮುದ್ಕೀನೂ ಹೋಗೈತೆ, ಹೊನ್ನಕ್ಕನ ಕಾರ್ಡು ಇನ್ನೂ ಬಂದಿಲ್ಲ ಅಂದ್ಕಂಡು ಒಳೀಕೆ ಹೋದೆ. ಆಮ್ಯಾಕೆ ಫೋಟೋ ತೋರ್ಸುದ್ರು” ಎಂದಳು. ಆ ಕಾರ್ಡನ್ನು ನಾನು ನಾಲ್ಕು ಸಲ ತಿದ್ದಿದ್ದೆ. ಒಂದು ತಪ್ಪಕ್ಷರ ಇರಲಿಲ್ಲ.

ಮನೆಗೆ ಬಂದವನು ನೇರ ಅಡುಗೆಮನೆಗೆ ಹೋದೆ. ನಮ್ಮಲ್ಲಿ ಒಂದು ಹಿತ್ತಾಳೆ ತಂಬಿಗೆಯಿದೆ. ನನಗೆ ಬುದ್ಧಿ ಬಂದಾಗಿನಿಂದ ನೀರು ಕುಡಿಯುವುದು ಅದರಲ್ಲೇ. ಅದರ ಕೊರಳ ಸುತ್ತ ಚುಕ್ಕೆಚುಕ್ಕೆಯಾಗಿ ಹೆಸರು ಕೊರೆದಿದೆ. ಹಿಂದೆ ಪಾತ್ರೆ ಅಂಗಡಿಯವರು ಸಣ್ಣ ಉಳಿ ಹಿಡಿದು ಟಕಟಕ ಬಡಿದು ಹಾಕಿಕೊಡುತ್ತಿದ್ದರಲ್ಲ, ಹಾಗೆ. ‘ಹೊನ್ನಮ್ಮ’ ಎಂದಿದೆ ಎಂದು ನನಗೆ ಗೊತ್ತಿತ್ತು. ಅಜ್ಜಿಯ ತಂಬಿಗೆ ಎಂದೇ ಮನೆಯಲ್ಲಿ ಅದರ ಹೆಸರು. ಆವತ್ತು ಕನ್ನಡಕ ಹಾಕಿಕೊಂಡು ಬೆಳಕಿಗೆ ಹಿಡಿದು ತಿರುಗಿಸಿದೆ. ಹೊನ್ನಮ್ಮ ಎಂಬುದರ ಹಿಂದೆ, ಹಿಡಿಯುವಾಗ ಹೆಬ್ಬೆರಳು ಬೀಳುವ ಕಡೆ, ಸವೆದುಹೋದ ಇನ್ನೊಂದು ಪದವಿತ್ತು. ಹುಲಿಕೆರೆ. ಅಜ್ಜಿ ಕಡೂರಿನ ಕಡೆಯವಳು, ಹುಲಿಕೆರೆಗೆ ಕಾಲಿಟ್ಟವಳೇ ಅಲ್ಲ. ಅದು ಅವ್ವನಿಗೆ ತವರಿನವರು ಕೊಟ್ಟ ತಂಬಿಗೆ. ಊರಿನ ಬೋರ್ಡುಗಳ ತಪ್ಪನ್ನೆಲ್ಲ ಹುಡುಕಿದ ಕಣ್ಣು ಅರವತ್ತು ವರ್ಷ ಆ ತಂಬಿಗೆಯನ್ನು ಅರ್ಧವೇ ಓದಿತ್ತು. ಉಳಿದರ್ಧವನ್ನು ನನ್ನ ಹೆಬ್ಬೆರಳೇ ಸವೆಸಿತ್ತು. ಅವ್ವ ಅದನ್ನು ದಿನಾ ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಯುತ್ತಿದ್ದಳು, ಒಂದು ದಿನವೂ ಅದು ನಂದು ಕಣೋ ಎನ್ನಲಿಲ್ಲ.

ಈ ಕಥೆಯಲ್ಲಿ ನಾನು ತಕ್ಷಣ ಮಗನಿಗೆ ಫೋನು ಮಾಡಿ ನಿಜ ಹೇಳಿದೆ ಎಂದು ಬರೆಯಬೇಕಿತ್ತು. ಬರೆಯಲಾರೆ. ಒಂದು ತಿಂಗಳು ಊಟ ಬಿಟ್ಟು ಕೂಗಾಡಿ ಗೆದ್ದ ಹೆಸರು ಅವ್ವನದಲ್ಲ, ಅವ್ವನನ್ನು ಅಳಿಸಿದ ಹೆಸರು ಎಂದು ಯಾವ ಮುಖ ಹೊತ್ತು ಹೇಳಲಿ? ಎರಡು ಸಲ ಫೋನು ತೆಗೆದೆ, ಎರಡು ಸಲವೂ ಮಗುವಿಗೆ ಶೀತ ಹೇಗಿದೆ ಎಂದು ಕೇಳಿ ಇಟ್ಟೆ. ಬೇಲೂರಿನ ನಾಮಕರಣದ ದಿನ ಚಿಕ್ಕಮ್ಮನನ್ನು ಪಕ್ಕಕ್ಕೆ ಕರೆದು, “ನಿನಗೆ ತಿಳಿದ ಹಾಗೆ ಹೇಳು” ಎಂದಷ್ಟೇ ಹೇಳಿದೆ. ಅವಳು ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಗೆ ಬಾಯಿಟ್ಟಳು. ಎಲ್ಲರೂ ನಗುತ್ತಾ, “ಮರುಳಸಿದ್ದಮ್ಮ, ಮರುಳಸಿದ್ದಮ್ಮ” ಎಂದು ನನ್ನ ಕಡೆ ನೋಡಿದರು, ನನ್ನ ಗೆಲುವಿಗೆ ಚಪ್ಪಾಳೆಯನ್ನೂ ತಟ್ಟಿದರು. ನಾನೂ ತಟ್ಟಿದೆ. ಊಟಕ್ಕೆ ಕೂತಾಗ ಚಿಕ್ಕಮ್ಮ ನನ್ನ ಪಕ್ಕದ ಎಲೆಯಿಂದ ಬಾಗಿ, “ಹೊನ್ನಿ ಅಂತ್ಲೇ ಅಂದೆ ಕಣ್ಲಾ. ಮೂರ್ಸಲ” ಎಂದಳು. ಹೊರಡುವಾಗ ತಾಂಬೂಲದ ಜೊತೆ ಎಲ್ಲರಿಗೂ ಒಂದೊಂದು ಸ್ಟೀಲಿನ ಬಟ್ಟಲು ಕೊಟ್ಟರು. ಅದರ ಮೇಲೆ ಲೇಸರಿನಲ್ಲಿ ಕೊರೆದ ಎರಡಕ್ಷರ, ಇರಾ. ಎಷ್ಟು ಹಿಡಿದರೂ ಸವೆಯುವುದಿಲ್ಲವಂತೆ.

ಬಸ್ಸಿನಲ್ಲಿ ಬರುವಾಗ ತಡೆಯಲಾಗದೆ ಜ್ಯೋತಿಗೆ ಎಲ್ಲವನ್ನೂ ಹೇಳಿದೆ. ಧಾರೆ, ಅಕ್ಕಿ, ಕೊಳ, ತಂಬಿಗೆ, ಏನನ್ನೂ ಬಿಡಲಿಲ್ಲ. ನನ್ನ ಕಣ್ಣು ಒದ್ದೆಯಾಗಿತ್ತು. “ಎಂಥ ಅತ್ತೆಯಂದಿರು! ಒಬ್ಬ ಹೆಣ್ಣುಮಗಳ ಹೆಸರನ್ನೇ ಕಿತ್ಕೊಳ್ಳೋದು ಅಂದ್ರೇನು!” ಎಂದು ಅಜ್ಜಿಯನ್ನು ಬೈದೆ. ಅವಳು ಕಿಟಕಿಯ ಹೊರಗಿನ ತೆಂಗಿನ ತೋಟ ನೋಡುತ್ತಾ, “ಹೂಂ. ಅಭ್ಯಾಸ ಆಗತ್ತೆ ಬಿಡಿ” ಎಂದಳು. ಮತ್ತದೇ ಮಾತು. “ಅದೇನು ಯಾವಾಗ ನೋಡಿದ್ರೂ ಅಭ್ಯಾಸ ಅಭ್ಯಾಸ ಅಂತೀಯ?” ಎಂದು ರೇಗಿದೆ. ಅವಳು ನಿಧಾನವಾಗಿ ನನ್ನ ಕಡೆ ತಿರುಗಿದಳು. “ನಮ್ಮ ಮದುವೆ ಕಾರ್ಡು ಯಾರು ಅಚ್ಚು ಹಾಕಿದ್ದು?” ಎಂದಳು.

ನಾನೇ. ನಾನೇ ಮೊಳೆ ಜೋಡಿಸಿದ್ದು. ಬೇಲೂರಿನಲ್ಲಿ ಶಾಲಾ ಮೇಷ್ಟರಾಗಿದ್ದ ನನ್ನ ಮಾವ ಮಗಳಿಗೆ ಇಟ್ಟ ಹೆಸರು ಜ್ಯೋತ್ಸ್ನಾ. ಬೆಳದಿಂಗಳ ದಿನ ಹುಟ್ಟಿದಳೆಂದು ಇಟ್ಟದ್ದಂತೆ. ನನ್ನ ಮೊಳೆಪೆಟ್ಟಿಗೆಯಲ್ಲಿ ಆ ಒತ್ತಿನ ಮೇಲೊತ್ತಿಗೆ ಮೊಳೆ ಇರಲಿಲ್ಲ. ಹಾಸನಕ್ಕೆ ಹೋಗಿ ತರಲು ಸೋಮಾರಿತನ. ಜ್ಯೋತಿ ಎಂದು ಅಚ್ಚು ಹಾಕಿದೆ. ಮಾವ ಕಾರ್ಡು ನೋಡಿ, “ಅಚ್ಚಾಗಿಬಿಟ್ಟಿದೆ, ಇರಲಿ ಬಿಡಿ” ಎಂದಿದ್ದರು. ಆಮೇಲೆ ರೇಷನ್ ಕಾರ್ಡು, ವೋಟಿನ ಪಟ್ಟಿ, ಆಧಾರು ಎಲ್ಲವೂ ನನ್ನ ಮದುವೆ ಕಾರ್ಡಿನ ಹಿಂದೆ ನಡೆದುಬಂದವು. ನಾನು ಅದನ್ನು ಮರೆತೇಬಿಟ್ಟಿದ್ದೆ. “ಅಪ್ಪ ಸಾಯೋವರೆಗೂ ಕಾಗದದ ಒಳಗೆ ಜ್ಯೋತ್ಸ್ನಾ ಅಂತಲೇ ಬರೀತಿದ್ರು. ಹೊರಗೆ ವಿಳಾಸಕ್ಕೆ ಮಾತ್ರ ಜ್ಯೋತಿ ಅಂತ ಹಾಕೋರು. ಪೋಸ್ಟ್‌ಮ್ಯಾನ್ ಅಂಥವರು ಯಾರೂ ಇಲ್ಲ ಅಂತ ವಾಪಸ್ ಕಳಿಸಬಾರದಲ್ಲ” ಎಂದು ಅವಳು ಮತ್ತೆ ಕಿಟಕಿಯ ಕಡೆ ತಿರುಗಿದಳು.

ಈಗ ನನ್ನ ಪ್ರೆಸ್ಸಿನಲ್ಲಿ ಕಂಪ್ಯೂಟರಿದೆ. ಎಂಥ ಒತ್ತಕ್ಷರವಾದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮೂಡುತ್ತದೆ. ಮಾರನೆಯ ಬೆಳಿಗ್ಗೆ ಒಂದು ಹಾಳೆಯ ತುಂಬ ಆ ಹೆಸರನ್ನು ಅಚ್ಚು ಹಾಕಿದೆ, ನೋಡಿದೆ, ಮಡಚಿ ಜೇಬಿನಲ್ಲಿಟ್ಟೆ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ನಡುಮನೆಯಲ್ಲಿ ಕೂತೆ. ಒಳಗೆ ಅವಳು ಒಗ್ಗರಣೆ ಹಾಕುತ್ತಿದ್ದಳು. ಗಂಟಲು ಸರಿಮಾಡಿಕೊಂಡು “ಜ್ಯೋತ್ಸ್ನಾ” ಎಂದು ಕರೆದೆ. ನಾಲಿಗೆ ತೊಡರಿತು. ಉತ್ತರವಿಲ್ಲ. ಇನ್ನೊಮ್ಮೆ ಕರೆದೆ, ಸ್ವಲ್ಪ ಜೋರಾಗಿ. ಒಲೆ ಆರಿಸಿದ ಸದ್ದಾಯಿತು. ಅವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, ನನ್ನನ್ನು ದಾಟಿ ಬೀದಿಯ ಕಡೆ ನೋಡುತ್ತಾ ಕೇಳಿದಳು, “ಯಾರ್ರೀ ಬಂದಿರೋದು?”